ರಿಬ್ಬನ್ ಇದ್ದ ಜಾಗ

ಆಗಸ್ಟ್ 3, ಶನಿವಾರ

ಇವತ್ತು ಗುಡ್ಡದ ಸ್ಕೀ ಪಾರ್ಕಿನಲ್ಲಿ ಒಬ್ಬಳು ಬಿದ್ದಳು. ಹೆಲಿಕಾಪ್ಟರ್ ಬಂತು. ಹನ್ನೊಂದು ಗಂಟೆಗೆಲ್ಲ ನಡು ಸಾಲಿಗೆ ಅಡ್ಡ ಬಲೆ ಕಟ್ಟಿ ಮುಚ್ಚಿದೆವು. ಇಷ್ಟು ಬರೆದು ಪುಸ್ತಕ ಮಡಚಿಡೋಣ ಅಂತ ಕೂತೆ, ಆಗುತ್ತಿಲ್ಲ.

ಬಿದ್ದವಳು ಐಲ್ಸಾ ಪುರ್ವಿಸ್. ನಮ್ಮ ಕಣಿವೆಯ ಶಾಲಾ ಬಸ್ಸು ಓಡಿಸುವ ಹೆಂಗಸು. ವಯಸ್ಸು ಐವತ್ತನಾಲ್ಕು. ಐವತ್ತು ದಾಟಿದ ಮೇಲೆ ಸ್ಕೀ ಕಲಿಯೋಕೆ ಬಂದವಳು. ಮೂರು ಚಳಿಗಾಲದಿಂದ ನನ್ನ ಸಣ್ಣ ಸಾಲಿನಲ್ಲಿ ಮೊಣಕಾಲೆತ್ತರದ ದಿಬ್ಬಗಳನ್ನು ಹಾರಿ, ಬಿದ್ದು, ನಗುತ್ತ ಎದ್ದು ಹೋಗುತ್ತಿದ್ದಳು. ನನ್ನ ತಂಡದವರು ಆ ಸಾಲಿಗೆ ಅಜ್ಜಿಯರ ಸಾಲು ಅಂತ ಹೆಸರಿಟ್ಟಿದ್ದಾರೆ. ಇಡಲಿ. ಪಾರ್ಕ್ ಅಂದರೆ ಗಾಳಿಯಲ್ಲಿ ಮೂರು ಸುತ್ತು ತಿರುಗುವ ಶೂರರಿಗೆ ಮಾತ್ರ ಅಂತ ತಿಳಿದಿದ್ದ ಈ ಗುಡ್ಡದಲ್ಲಿ ಸಣ್ಣದು, ನಡು, ದೊಡ್ಡದು ಅಂತ ಮೂರು ಸಾಲು ಕಟ್ಟಿ, ಸ್ಕೀಯವರಾಗಲಿ ಸ್ನೋಬೋರ್ಡಿನವರಾಗಲಿ, ಅವರವರ ಕಾಲಿಗೆ ತಕ್ಕದ್ದು ಅವರವರಿಗೆ ಸಿಗುವ ಹಾಗೆ ಮಾಡಿದವಳು ನಾನು. ಅದಕ್ಕೆ ಹನ್ನೊಂದು ವರ್ಷ ಹಿಡಿಯಿತು.

ಬೆಳಿಗ್ಗೆ ಒಂಬತ್ತೂವರೆಗೆ ನಡು ಸಾಲಿನ ತಲೆಯಲ್ಲಿ ನಿಂತಿದ್ದಳು.

"ನೈರಿ, ಇವತ್ತು ಇದನ್ನ ಹಾರಿಬಿಡ್ಲಾ?"

"ಮೂರು ವರ್ಷದಿಂದ ಅಜ್ಜಿಯರ ಸಾಲಲ್ಲೇ ಬಿದ್ಕೊಂಡಿದ್ದೀಯ, ಇನ್ನೂ ಕೇಳ್ತಾ ನಿಂತಿದ್ದೀಯಲ್ಲ ಮಾರಾಯ್ತಿ."

"ಎಲ್ಲಿಂದ ಹೊರಡ್ಲಿ?"

"ಅಲ್ಲಿ ಬಿದಿರು ಕೋಲಿಗೆ ಕೆಂಪು ರಿಬ್ಬನ್ ಕಟ್ಟಿದೆಯಲ್ಲ, ಅದರ ಪಕ್ಕಕ್ಕೆ ನಿಲ್ಲು. ನೆಟ್ಟಗೆ ಬಾ. ತಿರುಗಬೇಡ, ತಡೀಬೇಡ. ಮಿಕ್ಕಿದ್ದನ್ನ ದಿಬ್ಬವೇ ನೋಡ್ಕೊಳ್ಳತ್ತೆ."

ನಕ್ಕು ಆ ಕಡೆ ಹೋದಳು. ನಾನು ದೊಡ್ಡ ಸಾಲಿನ ಕಡೆ ತಿರುಗಿದೆ. ಯಾರೋ ಕಿರುಚಿದ್ದು ಕೇಳಿ ಓಡಿಬಂದೆ. ದಿಬ್ಬದಾಚೆಯ ಇಳಿಜಾರಿನ ಮೇಲೆ ಇಳಿಯಬೇಕಾದವಳು ಇಳಿಜಾರನ್ನೇ ದಾಟಿ, ಕೆಳಗಿನ ಸಮತಟ್ಟಿನ ಮೇಲೆ ಬಿದ್ದಿದ್ದಳು. ಅಲ್ಲಿ ಹಿಮ ಕಲ್ಲಾಗಿತ್ತು.

ರಿಬ್ಬನ್ನಿಗಿಂತ ಮೇಲಿನಿಂದ ಹೊರಟಿರಬೇಕು. ಹೊಸಬರು ಹಾಗೇ. ಎಲ್ಲಿ ವೇಗ ಸಾಲದೋ ಅಂತ ಹೆದರಿ ನಾಲ್ಕು ಹೆಜ್ಜೆ ಮೇಲಿನಿಂದಲೇ ಬರುತ್ತಾರೆ.

ಯಾರಿಗೆ ಹೇಳುತ್ತಿದ್ದೇನೆ ಇದನ್ನ? ಇದು ನನ್ನ ಪುಸ್ತಕ, ಇದರಲ್ಲಾದರೂ ಇದ್ದದ್ದು ಇದ್ದ ಹಾಗೆ ಇರಲಿ. ಅವಳು ರಿಬ್ಬನ್ನಿನ ಪಕ್ಕಕ್ಕೇ ನಿಂತದ್ದನ್ನು ನೋಡಿಯೇ ನಾನು ಆ ಕಡೆ ತಿರುಗಿದ್ದು. ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಪ್ರತಿದಿನ ಬೆಳಿಗ್ಗೆ ಜನ ಬರುವ ಮುಂಚೆ ತಂಡದ ಮುಖ್ಯಸ್ಥೆ ಒಂದೊಂದು ದಿಬ್ಬವನ್ನೂ ತಾನೇ ಹಾರಿ ನೋಡಬೇಕು. ಮೊದಲ ಹಾರು ಅನ್ನುತ್ತೇವೆ. ಇಳಿಜಾರು ಮುಟ್ಟದಿದ್ದರೆ ರಿಬ್ಬನ್ನಿನ ಕೋಲನ್ನು ಮೇಲಕ್ಕೆ ನೆಡುವುದು, ದಾಟಿ ಹೋದರೆ ಕೆಳಕ್ಕೆ. ಆಮೇಲೆ ಹಾಳೆಯಲ್ಲಿ ಬರೆದು ಸಹಿ. ಆಗಸ್ಟ್ ಅಂದರೆ ನಮ್ಮಲ್ಲಿ ನಡುಚಳಿಗಾಲ, ಆದರೂ ನಿನ್ನೆ ಬೆಚ್ಚಗಿತ್ತು, ಹಿಮ ಅಂಟಂಟು, ಯಾರೂ ಇಳಿಜಾರಿನ ತನಕ ಹೋಗುತ್ತಿರಲಿಲ್ಲ ಅಂತ ಕೋಲನ್ನು ಹನ್ನೆರಡು ಹೆಜ್ಜೆ ಮೇಲಕ್ಕೆ ಒಯ್ದಿದ್ದೆ. ರಾತ್ರಿ ಮೋಡ ಸರಿದು ಎಲ್ಲ ಹೆಪ್ಪುಗಟ್ಟಿತು. ಬೆಳಿಗ್ಗೆ ಬೂಟಿನ ಹಿಮ್ಮಡಿಯಿಂದ ಒತ್ತಿ ನೋಡಿದೆ. ಹತ್ತು ಗಂಟೆಯ ಬಿಸಿಲಿಗೆ ಸಡಿಲವಾಗುತ್ತದೆ ಅಂದುಕೊಂಡೆ. ಹಾರಲಿಲ್ಲ. ಹಾಳೆಯಲ್ಲಿ "ಹಾರಿ ನೋಡಿದೆ, ಸರಿಯಿದೆ" ಅಂತ ಬರೆದು ನೈರಿ ಫೋರ್ಡೈಸ್ ಅಂತ ಸಹಿ ಹಾಕಿದೆ.

ಜುಲೈ ಹದಿನೈದರಿಂದ ನಾನು ಒಂದು ದಿಬ್ಬವನ್ನೂ ಹಾರಿಲ್ಲ. ಎಡ ಮೊಣಕಾಲು ಹೋಗಿದೆ. ಯಾರಿಗೂ ಹೇಳಿಲ್ಲ. ಹೇಳಿದರೆ ಕರೆದುಕೊಂಡು ಹೋಗಿ ಟಿಕೆಟ್ ಕೌಂಟರಿನಲ್ಲಿ ಕೂರಿಸುತ್ತಾರೆ.

ಆಗಸ್ಟ್ 4, ಭಾನುವಾರ

ಕ್ಲೈವ್ ಕರೆಸಿದ. ಗುಡ್ಡದ ಮ್ಯಾನೇಜರು. ಕೆಟ್ಟವನಲ್ಲ, ಕಾಗದದ ಕೆಲಸ ಮುಗಿದರೆ ಸಾಕು ಅನ್ನುವವನು.

"ಮೊದಲ ಹಾರು ಆಗಿತ್ತಲ್ಲ?"

"ಹಾಳೆ ನಿನ್ನ ಮುಂದೇನೇ ಇದೆ."

"ಇದೆ, ಇದೆ. ಮತ್ತೆ ಅಷ್ಟು ದೂರ ಹೇಗೆ ಹೋದ್ಳು ಅಂತ. ರಿಬ್ಬನ್ನಿಗಿಂತ ಮೇಲಿಂದ ಹೊರಟಿರಬಹುದಾ?"

"ಇರಬಹುದು," ಅಂದೆ.

ಅವನು ಬರೆದು ಓದಿ ತೋರಿಸಿದ. ಗುರುತಿಗಿಂತ ಮೇಲಿನಿಂದ ಹೊರಟದ್ದರಿಂದ ವೇಗ ಹೆಚ್ಚಾಗಿ ಬಿದ್ದಿದ್ದಾರೆ, ಪಾರ್ಕಿನಲ್ಲಿ ಲೋಪವಿಲ್ಲ. ನಾನು ತಲೆಯಾಡಿಸಿದೆ. ಆಮೇಲೆ ಇಬ್ಬರೂ ಚಹಾ ಕುಡಿದೆವು.

ಇದರಿಂದ ಯಾರಿಗೆ ಏನು ನಷ್ಟ? ಈ ದೇಶದಲ್ಲಿ ಯಾರ ತಪ್ಪಿನಿಂದ ಬಿದ್ದರೂ ಆಸ್ಪತ್ರೆ ಖರ್ಚು ಸರ್ಕಾರದ್ದೇ. ನಾನು ಬಾಯಿ ಬಿಟ್ಟ ಮಾತ್ರಕ್ಕೆ ಆ ಹೆಂಗಸಿನ ಬೆನ್ನು ಎರಡು ದಿನ ಮುಂಚೆ ಕೂಡಿಕೊಳ್ಳುತ್ತದೆಯೇ? ಬೆನ್ನಿನ ಒಂದು ಮೂಳೆ ಕುಸಿದಿದೆಯಂತೆ, ಮಣಿಕಟ್ಟು ಮುರಿದಿದೆಯಂತೆ. ಕಾಲಿಗೆ ಏನೂ ಆಗಿಲ್ಲ, ನಡೆಯುತ್ತಾಳೆ. ಅಷ್ಟು ಎತ್ತರದಿಂದ ಬಿದ್ದವಳಿಗೆ ಅಷ್ಟೇ ಆದದ್ದು ಪುಣ್ಯ.

ಆಫೀಸಿನಿಂದ ಹೊರಗೆ ಬಂದರೆ ತಾವಿತಾ ಸಲಿಕೆ ಒರೆಸುತ್ತ ನಿಂತಿದ್ದ. ಸಮೋವಾದವನು, ನನ್ನ ತಂಡದಲ್ಲಿ ಆರು ವರ್ಷದಿಂದ ಇದ್ದಾನೆ. ಹಿಮವನ್ನೇ ಕಾಣದ ದ್ವೀಪದಿಂದ ಬಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಹಿಮದ ನಾಡಿ ಹಿಡಿಯುತ್ತಾನೆ. ಶನಿವಾರ ಬೆಳಿಗ್ಗೆ ಹಿಮ ಹದ ಮಾಡುವ ಯಂತ್ರದಿಂದ ಇಳಿದವನೇ ನನಗೆ ಹೇಳಿದ್ದ, "ಕಲ್ಲಾಗಿದೆ ಕಣೇ, ನೋಡ್ಕೋ" ಅಂತ. ಇವತ್ತು ಏನೂ ಹೇಳಲಿಲ್ಲ.

ಆಗಸ್ಟ್ 10, ಶನಿವಾರ

ಆಸ್ಪತ್ರೆಗೆ ಹೋಗಿಬಂದೆ. ಹೋಗದೆ ಇದ್ದರೆ ಜನ ಏನಾದರೂ ಅಂದುಕೊಂಡಾರು ಅಂತ ಹೋದದ್ದು. ಮೂರು ಗಂಟೆಯ ದಾರಿ. ದಾರಿಯುದ್ದಕ್ಕೂ ಅವಳು ಬೈದರೆ ಏನು ಹೇಳಬೇಕು ಅಂತ ಬಾಯಿಪಾಠ ಮಾಡಿಕೊಂಡಿದ್ದೆ.

ಬೈಯಲಿಲ್ಲ. ಎದೆಯಿಂದ ಸೊಂಟದ ತನಕ ಪಟ್ಟಿ ಬಿಗಿದುಕೊಂಡು ನೆಟ್ಟಗೆ ಕೂತಿದ್ದ ಆ ಹೆಂಗಸು ನನ್ನನ್ನು ನೋಡಿದ ತಕ್ಷಣ ಕಣ್ಣಲ್ಲಿ ನೀರು ತಂದುಕೊಂಡಳು.

"ಕ್ಷಮಿಸು ನೈರಿ. ಶನಿವಾರದ ದಿನ ನಿನ್ನ ಪಾರ್ಕ್ ಮುಚ್ಚೋ ಹಾಗೆ ಮಾಡಿಬಿಟ್ಟೆ. ಎಷ್ಟು ಜನಕ್ಕೆ ತೊಂದ್ರೆ."

"ಅದೆಲ್ಲ ಬಿಡು."

"ಇಲ್ಲ, ನೀನು ಅಷ್ಟು ಬಿಡಿಸಿ ಹೇಳಿದ್ದೆ, ರಿಬ್ಬನ್ ಪಕ್ಕ ನಿಲ್ಲು ಅಂತ. ನಾನು ಮೇಲೆಲ್ಲೋ ನಿಂತ್ಕೊಂಡುಬಿಟ್ಟಿದ್ದೀನಂತೆ. ಕ್ಲೈವ್ ಕಾಗದ ಕಳ್ಸಿದ್ದಾನೆ." ಪಟ್ಟಿಯ ಅಂಚು ಸರಿಮಾಡಿಕೊಂಡು ಅಂದಳು, "ವಿಚಿತ್ರ ನೋಡು. ರಿಬ್ಬನ್ ನನ್ನ ಭುಜಕ್ಕೆ ತಾಗ್ತಾ ಇತ್ತು ಅಂತಾನೇ ನನಗೆ ನೆನಪು."

ತಾಗುತ್ತಲೇ ಇತ್ತು. ನಾನು ಕಿಟಕಿಯ ಕಡೆ ನೋಡಿ, ಬಿದ್ದಾಗ ನೆನಪು ಕಲಸಿಹೋಗುತ್ತದೆ, ಎಲ್ಲರಿಗೂ ಆಗುತ್ತದೆ ಅಂದೆ. ಆಮೇಲೆ ಅವಳಿಗೆ ಕಿತ್ತಳೆ ಸುಲಿದು ಕೊಟ್ಟೆ, ಒಂದು ಕೈ ಕಟ್ಟಿದೆಯಲ್ಲ. ವಾಪಸ್ ಬರುವಾಗ ಎರಡು ಸಲ ಗಾಡಿ ನಿಲ್ಲಿಸಿ ಕಿಟಕಿ ಇಳಿಸಿಕೊಂಡು ಕೂತೆ. ಆಸ್ಪತ್ರೆಯ ಮದ್ದಿನ ವಾಸನೆ ನನಗೆ ಮೊದಲಿಂದಲೂ ಆಗಿಬರುವುದಿಲ್ಲ.

ಆಗಸ್ಟ್ 13, ಮಂಗಳವಾರ

ಮೂರೂ ಸಾಲು ಹಾರಿದೆ. ಮೊಣಕಾಲು ಕುಂಬಳಕಾಯಿ ಆಗಿದೆ.

ಆಗಸ್ಟ್ 14, ಬುಧವಾರ

ಮತ್ತೆ ಹಾರಿದೆ. ನಡು ಸಾಲನ್ನು ಎರಡು ಸಲ. ತಾವಿತಾ, "ಏನಿವತ್ತು, ಒಲಿಂಪಿಕ್ಸಿಗೆ ಹೊರಟಿದ್ದೀಯಾ?" ಅಂದ. ನಿನ್ನ ಕೆಲಸ ನೋಡು ಅಂದೆ.

ಆಗಸ್ಟ್ 22, ಗುರುವಾರ

ಅವಳನ್ನು ಮನೆಗೆ ಕಳಿಸಿದ್ದಾರೆ. ಒಬ್ಬಳೇ ಇರುವುದು. ಬಗ್ಗುವ ಹಾಗಿಲ್ಲ, ಎತ್ತುವ ಹಾಗಿಲ್ಲ, ಒಲೆಗೆ ಸೌದೆ ಹಾಕುವ ಹಾಗಿಲ್ಲ. ಇಂಥ ಚಳಿಯಲ್ಲಿ ಒಲೆ ಹಚ್ಚದೆ ಮನುಷ್ಯರು ಇರುತ್ತಾರೆಯೇ? ಕೆಲಸ ಮುಗಿಸಿ ಹೋಗಿ ಒಂದು ವಾರಕ್ಕಾಗುವಷ್ಟು ಸೌದೆ ಸೀಳಿ, ಕೈಗೆಟಕುವ ಎತ್ತರಕ್ಕೆ ಜೋಡಿಸಿ ಬಂದೆ. ಚೀಸ್ ರೋಲ್ ಮಾಡಿಕೊಂಡು ಹೋಗಿದ್ದೆ. ನಮ್ಮ ಕಡೆ ಹೆರಿಗೆಯಿಂದ ಸಾವಿನ ತನಕ ಎಲ್ಲದಕ್ಕೂ ಅದೇ ತಾನೆ, ಬ್ರೆಡ್ಡಿನ ಒಳಗೆ ಚೀಸು ಈರುಳ್ಳಿ ಸುತ್ತಿ ಬೆಣ್ಣೆ ಹಚ್ಚಿ ಕಾಯಿಸಿದ್ದು.

ಎರಡು ತಿಂದು, "ಇದಕ್ಕೆ ಈರುಳ್ಳಿ ಹಾಕಿದ್ದೀಯೋ, ಇಲ್ಲ ಈರುಳ್ಳಿಯ ಫೋಟೋ ತೋರಿಸಿದ್ದೀಯೋ?" ಅಂದಳು. ಬೆನ್ನು ನೋಯುತ್ತದೆ ಅಂತ ತಡೆದು ತಡೆದು ನಕ್ಕಳು. ನಾನೂ ನಕ್ಕೆ. ನಕ್ಕದ್ದಕ್ಕೆ ನಾಚಿಕೆಯಾಯಿತು.

ಅವಳ ಮನೆಗೋಡೆಯ ತುಂಬ ಮಕ್ಕಳ ಚಿತ್ರಗಳು. ಬಸ್ಸಿನವು. ಹಳದಿ ಬಸ್ಸು, ನೀಲಿ ಬಸ್ಸು, ಆರು ಗಾಲಿಯ ಬಸ್ಸು. ಹದಿನೇಳು ವರ್ಷದಲ್ಲಿ ಕೊಟ್ಟಿದ್ದಂತೆ. ನಿಜವಾದ ಬಸ್ಸು ಬಿಳಿ.

ಆಗಸ್ಟ್ 25, ಭಾನುವಾರ

ಗಾಳಿ. ಗುಡ್ಡ ಮುಚ್ಚಿತ್ತು. ಹೋಗಿ ಅವಳ ಮನೆಯ ಚಿಮಣಿ ಗುಡಿಸಿ ಬಂದೆ. ಈರುಳ್ಳಿ ಜಾಸ್ತಿ ಹಾಕಿದ್ದೆ.

ಸೆಪ್ಟೆಂಬರ್ 1, ಭಾನುವಾರ

ಇವತ್ತು ಐಲ್ಸಾ ಮೇಜಿನ ಈ ತುದಿಯಲ್ಲಿ ಕೂತು, ನನ್ನನ್ನು ಆ ತುದಿಯಲ್ಲಿ ಕೂರಿಸಿ, ಒಂದು ಚಮಚ ಕೊಟ್ಟಳು.

"ಎಲ್ಲಾದ್ರೂ ಇಡು. ನಾನು ಎಷ್ಟು ದೂರ ಅಂತ ಹೇಳ್ತೀನಿ, ನೀನು ಟೇಪಲ್ಲಿ ಅಳೆದು ನೋಡು."

"ಇದೇನು ಆಟ?"

"ಇಡು ಅಂದ್ರೆ ಇಡು."

ಇಟ್ಟೆ. ನಲವತ್ತು ಸೆಂಟಿಮೀಟರ್ ಅಂದಳು. ನಲವತ್ತೆರಡಿತ್ತು. ಮತ್ತೆ ಇಟ್ಟೆ, ಮತ್ತೆ ಹತ್ತಿರ ಹತ್ತಿರ ಸರಿಯಾಗಿಯೇ ಹೇಳಿದಳು. ಹತ್ತು ಸಲ ಆದ ಮೇಲೆ ಟೇಪು ಸುತ್ತಿ ಡ್ರಾಯರಿಗೆ ಹಾಕಿದಳು. ಮುಖದಲ್ಲಿ ಗೆಲುವೇ ಇಲ್ಲ.

"ಕಣ್ಣಿನ ಡಾಕ್ಟರ ಹತ್ರಾನೂ ಹೋಗಿದ್ದೆ. ಕಣ್ಣು ಚೆನ್ನಾಗಿದೆಯಂತೆ. ಕಣ್ಣು ಸರಿಯಿದ್ರೆ ಮತ್ತೆ ಕೆಟ್ಟಿರೋದು ಯಾವುದು ನೈರಿ? ತಲೆ ತಾನೆ?"

"ಹುಚ್ಚುಚ್ಚಾಗಿ ಮಾತಾಡಬೇಡ."

"ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಐವತ್ತೈದಕ್ಕೆ. ಬಟ್ಟಲು ಮೇಜಿನ ಮೇಲಿಟ್ಟೆ ಅಂತಿದ್ಳು, ನೆಲದ ಮೇಲೆ ಇಟ್ಟಿರ್ತಿದ್ಳು. ನಾನೇ ಇಟ್ಟಿದ್ದು, ನಾನೇ ನೋಡಿದ್ದು ಅಂತ ಆಣೆ ಮಾಡೋಳು. ಆರು ವರ್ಷಕ್ಕೆ ನನ್ನ ಹೆಸರೇ ಮರೆತುಹೋಗಿತ್ತು." ಪಟ್ಟಿ ಬಿಗಿದ ಬೆನ್ನು ನೆಟ್ಟಗೆ ಮಾಡಿಕೊಂಡಳು. "ನಾನೂ ಈಗ ಆಣೆ ಮಾಡ್ತೀನಿ, ರಿಬ್ಬನ್ ಭುಜದ ಪಕ್ಕಾನೇ ಇತ್ತು ಅಂತ. ಆದ್ರೆ ಇರ್ಲಿಲ್ಲವಂತಲ್ಲ. ಕಂದಕದ ರಸ್ತೇಲಿ ಹದಿನೆಂಟು ಮಕ್ಕಳನ್ನ ಕೂರಿಸ್ಕೊಂಡು ಹೋಗೋಳು ನಾನು. ನಾನೆಲ್ಲಿದ್ದೀನಿ ಅಂತ ನನಗೇ ಗೊತ್ತಾಗ್ದೆ ಇದ್ರೆ?"

ಎದ್ದು ಪಾತ್ರೆ ತೊಳೆದೆ. ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದೆ.

ಯಾರಿಗೂ ನಷ್ಟವಿಲ್ಲ ಅಂತ ಆಗಸ್ಟಿನಲ್ಲಿ ಬರೆದಿದ್ದೇನೆ. ಹಿಂದೆ ತಿರುವಿ ನೋಡಿದೆ, ನನ್ನದೇ ಅಕ್ಷರ. ಆ ಪುಟ ಹರಿದು ಹಾಕೋಣ ಅನ್ನಿಸಿತು. ಹರಿಯಲಿಲ್ಲ.

ಸೆಪ್ಟೆಂಬರ್ 2, ಸೋಮವಾರ

ಹೇಳಬೇಕು. ಹಿಮದ ಕಾಲ ಮುಗಿದು ಗುಡ್ಡ ಮುಚ್ಚಲು ಇನ್ನೊಂದು ತಿಂಗಳಿದೆ. ಮುಚ್ಚಿದ ಮೇಲೆ ಹೇಳುತ್ತೇನೆ. ಆಗ ತಂಡಕ್ಕೆ ತೊಂದರೆಯಾಗುವುದಿಲ್ಲ.

ಸೆಪ್ಟೆಂಬರ್ 8, ಭಾನುವಾರ

ತಾವಿತಾ ಚರ್ಚು ಮುಗಿಸಿ, ಬಿಳಿ ಅಂಗಿಯ ಮೇಲೆಯೇ ಕೋಟು ಹಾಕಿಕೊಂಡು ಮಧ್ಯಾಹ್ನದ ಪಾಳಿಗೆ ಬಂದ. ಇಬ್ಬರೂ ಸಣ್ಣ ಸಾಲಿನ ದಿಬ್ಬಗಳಿಗೆ ಕುಂಟೆ ಹಾಕಿ ನುಣುಪು ಮಾಡುತ್ತಿದ್ದೆವು. ಒಬ್ಬ ತಾತ ಮೊಮ್ಮಗಳ ಹಿಂದೆ ಹಿಂದೆ ಬಂದು, ಒಂದು ಗೇಣು ಹಾರಿ, ಎರಡೂ ಕೈ ಮೇಲೆತ್ತಿದ. ಅವನನ್ನು ನೋಡಿ ಖುಷಿಯಾಗಬೇಕಿತ್ತು.

"ಮೊಣಕಾಲು ಯಾವಾಗಿಂದ?" ಅಂದ ತಾವಿತಾ, ಕುಂಟೆಯಿಂದ ಕಣ್ಣೆತ್ತದೆ.

"ಯಾವ ಮೊಣಕಾಲು?"

"ಎಡದ್ದು. ಕುಂಟೋದು ಕಾಣಿಸ್ದೆ ಇರ್ಲಿ ಅಂತ ನನ್ನ ಎಡಕ್ಕೇ ನಿಲ್ತೀಯಲ್ಲ, ಅದು."

ನಾನು ಮುಂದಿನ ದಿಬ್ಬಕ್ಕೆ ಹೋದೆ, ಅವನೂ ಬಂದ.

"ಜುಲೈಯಲ್ಲಿ ದಿನಾ ನಮಗಿಂತ ಮುಂಚೆ ಒಬ್ಳೇ ಮೇಲೆ ಹೋಗ್ತಿದ್ದೆ. ಪಾಪ, ನಮಗೆ ಇನ್ನೊಂದು ಗಳಿಗೆ ಚಹಾ ಕುಡಿಯೋಕೆ ಬಿಡ್ತಾಳೆ ಅಂದ್ಕೊಂಡಿದ್ದೆ." ಕುಂಟೆಯನ್ನು ಹಿಮಕ್ಕೆ ಚುಚ್ಚಿ ನಿಲ್ಲಿಸಿದ. "ಆವತ್ತು ಹೆಲಿಕಾಪ್ಟರ್ ಹೋದ್ಮೇಲೆ ನಾನು ದಿಬ್ಬದ ಹತ್ರ ಹೋಗಿ ನೋಡ್ದೆ. ಹಿಮದ ಮೇಲೆ ಒಂದೇ ಜೊತೆ ಸ್ಕೀ ಗುರುತಿತ್ತು ನೈರಿ. ನಿನ್ನದೂ ಸೇರಿ ಎರಡಿರಬೇಕಿತ್ತು."

"ಮತ್ತೆ ಕ್ಲೈವಿಗೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂದ್ಕೊಂಡೆ. ದಿನಾ ಬೆಳಿಗ್ಗೆ ಅಂದ್ಕೊಳ್ತೀನಿ." ಮತ್ತೆ ಕುಂಟೆ ಹಿಡಿದ. "ನನ್ನ ಮಗಳೂ ಆ ಬಸ್ಸಲ್ಲೇ ಹೋಗೋದು. ಐಲ್ಸಾ ಆಂಟಿ ಯಾವಾಗ ಬರ್ತಾರೆ ಅಂತ ಕೇಳ್ತಾಳೆ. ನನಗೂ ನಿನ್ನಿಂದ ಸುಳ್ಳು ಹೇಳೋ ಹಾಗಾಗಿದೆ, ಅದೇ ಬೇಜಾರು."

ಕೋಪ ಬಂತು. ಅವನ ಮೇಲೆ ಬರಬೇಕಾದ ಕೋಪ ಅಲ್ಲ ಅಂತ ಗೊತ್ತಿದ್ದೂ ಅವನ ಮೇಲೆಯೇ ಹರಿಹಾಯ್ದೆ. ಆರು ವರ್ಷ ಕೆಲಸ ಕಲಿಸಿದವಳಿಗೆ ಬುದ್ಧಿ ಹೇಳೋಕೆ ಬಂದೆಯಾ ಅಂದೆ. ಅವನು ಹೌದು ಅಂದ.

ಸೆಪ್ಟೆಂಬರ್ 15, ಭಾನುವಾರ

ಐಲ್ಸಾ ಮನೆಗೆ ಹೋಗಿದ್ದೆ. ಹೇಳಲಿಲ್ಲ. ಅವಳ ಕೂದಲು ತೊಳೆದುಕೊಟ್ಟೆ. ನೀರಿನ ಹದ ನೋಡಿ ನೋಡಿ ಹಾಕಿದೆ. "ನಿನ್ನಂಥ ಸ್ನೇಹಿತೆ ಈ ವಯಸ್ಸಲ್ಲಿ ಸಿಕ್ಕಿದ್ಳಲ್ಲ, ಬಿದ್ದಿದ್ದಕ್ಕೂ ಸಾರ್ಥಕ ಆಯ್ತು" ಅಂದಳು. ಮುಖಕ್ಕೆ ಹೊಡೆದ ಹಾಗಾಯಿತು. ಅವಳ ತಲೆ ಬಗ್ಗಿತ್ತು, ನನ್ನ ಮುಖ ಕಾಣಲಿಲ್ಲ.

ಸೆಪ್ಟೆಂಬರ್ 20, ಶುಕ್ರವಾರ

ಸಂಜೆ ಸೌದೆ ಸೀಳಿ ಕೈ ತೊಳೆಯುತ್ತಿದ್ದೆ. ಐಲ್ಸಾ ಒಂದು ಲಕೋಟೆ ತಂದು ನನ್ನ ಕೋಟಿನ ಪಕ್ಕ ಇಟ್ಟಳು.

"ನಾಳೆ ಪೇಟೆ ಕಡೆ ಹೋಗ್ತೀಯಲ್ಲ, ಇದನ್ನ ಬಸ್ ಡಿಪೋದಲ್ಲಿ ಕೊಟ್ಬಿಡು."

"ಏನಿದು?"

"ಬಸ್ಸಿನ ಕೆಲಸ ಬಿಡ್ತಾ ಇದ್ದೀನಿ. ಈ ತಿಂಗಳ ಇಪ್ಪತ್ತೇಳಕ್ಕೆ ಶಾಲೆಯ ಈ ಅವಧಿ ಮುಗಿದು ರಜೆ ಶುರುವಾಗತ್ತೆ, ಅಷ್ಟರೊಳಗೆ ಹೇಳ್ಬೇಕಂತೆ, ಬರ್ತೀನೋ ಇಲ್ವೋ ಅಂತ. ಬದಲಿ ಡ್ರೈವರ್ ಕಾಯ್ತಾ ಇದ್ದಾನೆ."

"ಡಾಕ್ಟರು ಅಕ್ಟೋಬರಿಗೆ ಓಡಿಸಬಹುದು ಅಂದಿದ್ರಲ್ಲ."

"ಬೆನ್ನಿಗೆ ಅಂದಿದ್ದು. ತಲೆಗಲ್ಲ." ಕುರ್ಚಿಯ ಬೆನ್ನು ಹಿಡಿದುಕೊಂಡು ನಿಧಾನ ಕೂತಳು. "ಹದಿನೇಳು ವರ್ಷ ಒಂದು ಕನ್ನಡಿಗೂ ಗೀರು ಬಿದ್ದಿಲ್ಲ. ಆದ್ರೂ ಒಂದು ದಿನ, ಅಂಚು ದೂರ ಇದೆ ಅಂದ್ಕೊಂಡು ಹತ್ರ ಇದ್ರೆ? ಎರಡು ರಾತ್ರಿ ಕೂತು ಬರೆದೆ ಈ ನಾಲ್ಕು ಸಾಲನ್ನ. ನಾನೇ ಹೋಗಿ ಕೊಡೋಣ ಅಂದ್ರೆ, ಅಲ್ಲಿ ನನ್ನ ಬಸ್ಸು ನಿಂತಿರತ್ತೆ. ನೀನೇ ಕೊಟ್ಬಿಡು."

ಲಕೋಟೆ ತೆಗೆದುಕೊಂಡೆ. ಬೇರೆ ಏನಾದರೂ ಮಾಡಬಹುದಿತ್ತು. ತೆಗೆದುಕೊಂಡೆ.

ಸೆಪ್ಟೆಂಬರ್ 21, ಶನಿವಾರ

ಡಿಪೋ ತನಕ ಹೋದೆ. ಗಾಡಿಯಿಂದ ಇಳಿಯಲಿಲ್ಲ. ಇಳಿಯದೆ ಇದ್ದದ್ದೇ ದೊಡ್ಡ ಕೆಲಸ ಅನ್ನುವ ಹಾಗೆ ಮನೆಗೆ ಬಂದೆ. ಲಕೋಟೆ ಕೊಡದೆ ಇದ್ದರೆ ಏನು ಬಂತು? ಮುಂದಿನ ವಾರ ಅವಳೇ ಫೋನು ಮಾಡಿ ಹೇಳುತ್ತಾಳೆ.

ಸೆಪ್ಟೆಂಬರ್ 22, ಭಾನುವಾರ

ಗುಡ್ಡಕ್ಕೆ ರಜೆ ಹಾಕಿದೆ. ವಾರದ ರಜೆ ಬಿಟ್ಟರೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಬೆಳಿಗ್ಗೆಯಿಂದ ಲಕೋಟೆ ಅಡುಗೆಮನೆ ಮೇಜಿನ ಮೇಲಿದೆ. ಹೇಳಿದರೆ ಕೆಲಸ ಹೋಗುತ್ತದೆ. ಈ ದೇಶದಲ್ಲಿ ಇನ್ಯಾವ ಗುಡ್ಡದವರೂ ನನ್ನ ಕೈಗೆ ಕುಂಟೆ ಕೊಡುವುದಿಲ್ಲ. ಪೇಟೆಯಲ್ಲಿ ತಲೆಯೆತ್ತಿ ಓಡಾಡುವುದು ಕಷ್ಟ. ಐಲ್ಸಾ ಮನೆಯ ಬಾಗಿಲು ನನಗೆ ಮುಚ್ಚುತ್ತದೆ. ನಿಜ ಹೇಳಬೇಕೆಂದರೆ ಕೊನೆಯದರ ಭಯವೇ ಎಲ್ಲದಕ್ಕಿಂತ ಹೆಚ್ಚು. ಒಂದು ಹೆಂಗಸನ್ನು ಬೀಳಿಸಿ, ಅವಳ ಮನಸ್ಸನ್ನು ಅವಳೇ ನಂಬದ ಹಾಗೆ ಮಾಡಿ, ಆಮೇಲೆ ಅವಳ ಒಲೆಯ ಮುಂದೆ ಕೂತು ಬೆಚ್ಚಗೆ ಮೈ ಕಾಯಿಸಿಕೊಳ್ಳುತ್ತಿದ್ದೇನೆ. ಥೂ.

ಸೆಪ್ಟೆಂಬರ್ 23, ಸೋಮವಾರ

ಹೇಳಿದೆ.

ಬೆಳಿಗ್ಗೆ ಹತ್ತಕ್ಕೆ ಹೋದೆ. ಸೌದೆ ಸೀಳೋಕೆ ಹಿತ್ತಲಿಗೆ ಹೋಗಲಿಲ್ಲ, ಪಾತ್ರೆ ತೊಳೆಯಲಿಲ್ಲ. ಕೋಟು ಬಿಚ್ಚದೆ ನಿಂತಲ್ಲೇ ಲಕೋಟೆ ಮೇಜಿನ ಮೇಲಿಟ್ಟೆ.

"ಡಿಪೋ ಮುಚ್ಚಿತ್ತಾ?" ಅಂದಳು.

"ಐಲ್ಸಾ, ನೀನು ಸರಿಯಾದ ಜಾಗದಲ್ಲೇ ನಿಂತಿದ್ದೆ. ರಿಬ್ಬನ್ ಪಕ್ಕದಲ್ಲೇ. ರಿಬ್ಬನ್ನೇ ತಪ್ಪು ಜಾಗದಲ್ಲಿತ್ತು. ಅಲ್ಲಿ ನೆಟ್ಟಿದ್ದು ನಾನು. ಬೆಳಿಗ್ಗೆ ನಾನು ಹಾರಿ ನೋಡಬೇಕಿತ್ತು, ಹಾರಲಿಲ್ಲ. ಹಾರಿದೆ ಅಂತ ಸುಳ್ಳು ಸಹಿ ಹಾಕಿದೆ. ನೀನು ಮೇಲಿಂದ ಹೊರಟಿರಬಹುದು ಅಂತ ಕ್ಲೈವಿಗೆ ಹೇಳಿದ್ದೂ ನಾನೇ."

ಅಡುಗೆಮನೆಯಲ್ಲಿ ಕೆಟಲು ಕುದಿದು ತಾನೇ ನಿಂತಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನು ರಿಬ್ಬನ್ ಪಕ್ಕ ನಿಂತಿದ್ನಾ?"

"ಹೂಂ."

"ಇನ್ನೊಂದ್ಸಲ ಹೇಳು."

"ರಿಬ್ಬನ್ ಪಕ್ಕದಲ್ಲೇ ನಿಂತಿದ್ದೆ."

"ನನ್ನ ಭುಜಕ್ಕೆ ತಾಗ್ತಾ ಇತ್ತು."

"ತಾಗ್ತಾ ಇತ್ತು."

ಅವಳು ಅತ್ತಳು. ಪಟ್ಟಿ ಬಿಗಿದ ಬೆನ್ನಿನಿಂದ ಬಗ್ಗೋಕಾಗದೆ, ನೆಟ್ಟಗೆ ಕೂತುಕೊಂಡೇ ಅತ್ತಳು. ನೋವಿನ ಅಳು ಅಲ್ಲ ಅದು. ತಲೆಯ ಮೇಲಿದ್ದ ಹೊರೆ ಇಳಿಸಿದವರು ಅಳುವ ಅಳು. ನನ್ನ ಜೀವಕ್ಕೂ ಒಂದು ಗಳಿಗೆ ಸಮಾಧಾನವಾಯಿತು. ಹತ್ತಿರ ಹೋಗಿ ಕೈ ಹಿಡಿಯೋಣ ಅಂತ ಒಂದು ಹೆಜ್ಜೆ ಇಟ್ಟೆ.

"ಅಲ್ಲೇ ನಿಲ್ಲು," ಅಂದಳು.

ನಿಂತೆ.

"ಏಳು ವಾರ ಆಯ್ತು. ಬೆನ್ನು ಮುರ್ದಿದ್ದಕ್ಕೆ ನಾನು ನಿನ್ನ ಏನೂ ಅನ್ನಲ್ಲ. ಹಿಮ ಅಂದ್ಮೇಲೆ ಬೀಳ್ತೀವಿ. ಆದ್ರೆ ಆ ಚಮಚ. ನೀನೇ ಇಟ್ಟೆ, ನೀನೇ ಅಳೆದೆ. ನನ್ನ ತಲೆ ಸರಿಯಿದೆ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ಕೊಂಡು ಹತ್ತು ಸಲ ಅಳೆದೆಯಲ್ಲ."

ಹೌದು ಅಂತ ಮಾತ್ರ ಅಂದೆ.

ಲಕೋಟೆಯನ್ನು ಎರಡು ಸೀಳು ಮಾಡಿ ಒಲೆಗೆ ಹಾಕೋಕೆ ಎದ್ದಳು. ಕೈ ಎಟಕಲಿಲ್ಲ. ನಾನು ಮುಂದೆ ಬಂದೆ, ಬೇಡ ಅಂದಳು. ತಾನೇ ಮೊಣಕಾಲು ಮಡಚಿ, ನಿಧಾನಕ್ಕೆ ಇಳಿದು ಹಾಕಿದಳು. ಎದ್ದು ನಿಲ್ಲೋಕೆ ಬಹಳ ಹೊತ್ತು ಹಿಡಿಯಿತು. ನಾನು ಅಲ್ಲಾಡದೆ ನೋಡುತ್ತ ನಿಂತಿದ್ದೆ.

"ಕ್ಲೈವಿಗೆ ಯಾವಾಗ ಹೇಳ್ತೀಯ?"

"ಇಲ್ಲಿಂದ ನೇರ ಅಲ್ಲಿಗೇ."

"ಹೋಗು ಮತ್ತೆ. ಆ ತಟ್ಟೆ ನಿಂದು, ತಗೊಂಡ್ಹೋಗು. ನಾಳೆಯಿಂದ ಬರಬೇಡ."

ತಟ್ಟೆ ತೆಗೆದುಕೊಂಡು ಬಂದೆ.

ಸೆಪ್ಟೆಂಬರ್ 24, ಮಂಗಳವಾರ

ನಿನ್ನೆಯೇ ಕ್ಲೈವಿಗೆ ಎಲ್ಲ ಹೇಳಿದ್ದೆ. ಇವತ್ತು ಕರೆಸಿ ಹೊಸ ಕಾಗದ ಬರೆಸಿದ. ಹಾರಿದವರು ಗುರುತಿನ ಜಾಗದಿಂದಲೇ ಹೊರಟಿದ್ದರು, ಗುರುತು ತಪ್ಪಾಗಿತ್ತು. ನಾನೇ ಹೇಳಿ ಬರೆಸಿದೆ, ನಾನೇ ಸಹಿ ಹಾಕಿದೆ. ಅವನು ಬೈಯಲಿಲ್ಲ. "ಮೊಣಕಾಲಿನ ವಿಷಯ ಜುಲೈಯಲ್ಲೇ ಹೇಳಿದ್ರೆ ತಾವಿತಾ ಹಾರ್ತಿದ್ದ, ಅಷ್ಟೇ ತಾನೆ ಇದ್ದದ್ದು," ಅಂದ. ಅಷ್ಟೇ ಇದ್ದದ್ದು. ಕೀಲಿಗೊಂಚಲು ಕೊಟ್ಟೆ. ಪೊಲೀಸರು, ಸರ್ಕಾರದ ಸುರಕ್ಷತೆಯವರು ಬಂದು ಕೇಳುತ್ತಾರಂತೆ. ಕೇಳಲಿ.

ನಾಳೆಯಿಂದ ಮೊದಲ ಹಾರು ತಾವಿತಾನದ್ದು. ಗಾಡಿಯ ತನಕ ನನ್ನ ಸಾಮಾನು ಹೊತ್ತುಕೊಂಡು ಬಂದ. ಬಾಗಿಲು ಹಾಕಿದ ಮೇಲೆ ಗಾಜಿಗೆ ಎರಡು ಸಲ ತಟ್ಟಿದ.

ಅಕ್ಟೋಬರ್ 6, ಭಾನುವಾರ

ಗುಡ್ಡ ಮುಚ್ಚಿತು. ಕಡೆಯ ದಿನದ ಪಾರ್ಕ್ ನೋಡೋಕೆ ನಾನು ಹೋಗಲಿಲ್ಲ. ತಾವಿತಾ ಫೋನು ಮಾಡಿ, ಅಜ್ಜಿಯರ ಸಾಲಿನಲ್ಲಿ ಸಂಜೆ ತನಕ ಜನ ಇತ್ತು ಅಂದ. ಹೊಸ ಕಾಗದವನ್ನು ಐಲ್ಸಾ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳಂತೆ. ಅವನ ಮಗಳು ನೋಡಿಬಂದು ಹೇಳಿದ್ದು.

ಆ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಕೆಳಗಿನಿಂದ ಸ್ವಲ್ಪ ಎತ್ತಿ ತಳ್ಳಬೇಕು. ಬೆನ್ನು ಬಗ್ಗಿಸದೆ ಹೇಗೆ ಎತ್ತುತ್ತಾಳೋ.

ಅಕ್ಟೋಬರ್ 21, ಸೋಮವಾರ

ದ್ರಾಕ್ಷಿ ತೋಟದಲ್ಲಿ ಬಳ್ಳಿಯ ಬೇಡದ ಚಿಗುರು ಕೀಳುವ ಕೆಲಸ ಸಿಕ್ಕಿದೆ. ಸಣ್ಣ ಮಣೆಯ ಮೇಲೆ ಕೂತು ಮಾಡುವಂಥದ್ದು. ಮೊಣಕಾಲಿನ ಆಪರೇಷನ್ನು ನವೆಂಬರಿನಲ್ಲಿ.

ಬೆಳಿಗ್ಗೆ ಎಂಟಕ್ಕೆ ಒಂದೇ ಗಾಡಿ ಹಿಡಿಸುವ ಹೊಳೆಯ ಸೇತುವೆ ಹತ್ತಿರ ಬಂದರೆ ಎದುರಿಗೆ ಶಾಲಾ ಬಸ್ಸು. ದಾರಿ ಅದರದ್ದು, ನಾನು ಈ ಕಡೆಯೇ ಗಾಡಿ ನಿಲ್ಲಿಸಿದೆ. ಐಲ್ಸಾ ಓಡಿಸುತ್ತಿದ್ದಳು. ಸೀಟಿನ ಹಿಂದೆ ದಿಂಬು ಇಟ್ಟುಕೊಂಡಿದ್ದಳು. ತುಂಬಿದ ಬಸ್ಸು.

ನಮ್ಮ ಕಣಿವೆಯಲ್ಲಿ ಎದುರು ಬಂದವರಿಗೆ, ಗುರುತಿರಲಿ ಬಿಡಲಿ, ಸ್ಟೇರಿಂಗಿನಿಂದ ಒಂದು ಬೆರಳು ಎತ್ತುವುದು ವಾಡಿಕೆ. ಬೇಲಿ ಜಗಳ ಆಡಿ ಹತ್ತು ವರ್ಷ ಮಾತು ಬಿಟ್ಟವರೂ ಎತ್ತುತ್ತಾರೆ. ನಾನು ಎತ್ತಿದೆ. ಐಲ್ಸಾ ನನ್ನನ್ನು ನೋಡಿದಳು. ನೋಡಲಿಲ್ಲ ಅನ್ನುವ ಹಾಗಿಲ್ಲ, ಕಣ್ಣಿಗೆ ಕಣ್ಣಿಟ್ಟೇ ನೋಡಿದಳು. ಅವಳ ಎರಡೂ ಕೈ ಸ್ಟೇರಿಂಗಿನ ಮೇಲೆಯೇ ಇದ್ದವು, ಒಂದು ಬೆರಳೂ ಮೇಲೇಳಲಿಲ್ಲ. ಬಸ್ಸು ಸೇತುವೆಯ ಎರಡೂ ಕಡೆ ಒಂದೇ ಸಮ ಜಾಗ ಬಿಟ್ಟುಕೊಂಡು, ಎಲ್ಲೂ ತಡವರಿಸದೆ, ನಟ್ಟನಡುವೆ ದಾಟಿ ನನ್ನ ಪಕ್ಕದಲ್ಲಿ ಹಾದುಹೋಯಿತು.

ನನ್ನ ಹಿಂದೆ ಇನ್ನೊಂದು ಗಾಡಿ ಬಂದು ನಿಂತಿತ್ತು. ಅವನು ಹಾರ್ನ್ ಹೊಡೆದ ಮೇಲೆ ಬೆರಳು ಇಳಿಸಿ ಸೇತುವೆ ದಾಟಿದೆ.